ನಿಮಗಿದು ಗೊತ್ತೇ? ಒಂದೇ ಸೊಪ್ಪು, ಬಾಯಿಗೊಂದು ಮಾತು!

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಗೆ ಒಮ್ಮೆ ಬನ್ನಿ. ಟೀ ಅಂಗಡಿ ಬೆಂಚಿನ ಮೇಲೆ ಕೂತು ಮೆಲ್ಲಗೆ ಒಂದು ಪ್ರಶ್ನೆ ಬಿಡಿ: ‘ಗಾಂಜಾದಲ್ಲೂ ಔಷಧಿ ಮಾಡ್ತಾರಂತೆ, ಕಾಯಿಲೆ ಬಿದ್ದೋರಿಗೆ ಕೊಡಬಹುದಾ?’ ಟೀ ಆರುವಷ್ಟರಲ್ಲಿ ನಾಲ್ಕು ಜನ ಐದು ಉತ್ತರ ಕೊಟ್ಟಿರುತ್ತಾರೆ! ಯಾಕೆ ಹಾಗೆ? ಒಂದೊಂದಾಗಿ ನೋಡುತ್ತಾ ಹೋಗಿ. ನೀವೇ ಬೆರಗಾಗುತ್ತೀರಿ.

ಹೆಸರಲ್ಲೇ ಜಗಳ

ಊರ ತಾತನಿಗೆ ಅದು ಭಂಗಿಸೊಪ್ಪು. ಬೆಂಗಳೂರಿನ ಕಾಲೇಜಿಗೆ ಹೋಗುವ ಮೊಮ್ಮಗನಿಗೆ ವೀಡ್. ಪೊಲೀಸರಿಗೆ ಮಾಲು. ಆಯುರ್ವೇದ ಪಂಡಿತರಿಗೆ ವಿಜಯಾ. ಹೆಸರು ಕೇಳಿದರೆ ಸಾಕು, ಹೇಳಿದವರು ಯಾರು, ಯಾವ ಕಡೆಯವರು ಎಂದು ಗೊತ್ತಾಗಿಬಿಡುತ್ತದೆ. ಗಿಡ ಮಾತ್ರ ಒಂದೇ!

ನಮ್ಮ ರೈತರು ಗದ್ದೆಗೆ ಹಸಿರೆಲೆ ಗೊಬ್ಬರ ಎಂದು ಅಪ್ಸೆಣಬು ಬಿತ್ತುತ್ತಾರಲ್ಲ? ಇಂಗ್ಲಿಷಿನವರು ಅದನ್ನು ‘ಸನ್ ಹೆಂಪ್’ ಎಂದು ಕರೆದರು. ಹೆಂಪ್ ಅಂದರೆ ಗಾಂಜಾ ಜಾತಿಯ ಗಿಡ! ಗಾಬರಿ ಬೇಡ. ಅಪ್ಸೆಣಬಿಗೂ ಗಾಂಜಾಕ್ಕೂ ಯಾವ ನಂಟೂ ಇಲ್ಲ. ಅಪ್ಸೆಣಬು ಅವರೆ, ತೊಗರಿಯ ಬಳಗದ್ದು. ನಾರು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಈ ಹೆಸರು ಅಂಟಿಕೊಂಡಿತು!

ಉತ್ತರ ಕರ್ನಾಟಕದವರ ಪುಂಡಿ ಗೊತ್ತಲ್ಲ? ಆ ಹೆಸರಿನ ಗಿಡಗಳಲ್ಲಿ ಒಂದನ್ನು ವಿಜ್ಞಾನಿಗಳು ‘ಹೈಬಿಸ್ಕಸ್ ಕ್ಯಾನಬಿನಸ್’ ಎನ್ನುತ್ತಾರೆ. ಎಲೆ ಥೇಟ್ ಗಾಂಜಾ ಎಲೆಯ ಹಾಗಿದೆ ಎಂದು ಹಾಗೆ ಹೆಸರಿಟ್ಟರು. ನಿಜದಲ್ಲಿ ಅದು ದಾಸವಾಳದ ತಂಗಿ. ಪಾಪ, ಮುಖ ಹೋಲಿದ್ದೇ ತಪ್ಪಾಯಿತು!

ಇನ್ನು ನಿಮ್ಮ ಅಡುಗೆಮನೆಗೇ ಬರೋಣ. ಹಬ್ಬಕ್ಕೆ ಗಸಗಸೆ ಪಾಯಸ ಮಾಡುತ್ತೀರಿ ತಾನೇ? ಗಸಗಸೆ ಬರುವುದು ಯಾವ ಗಿಡದಿಂದ? ಅಫೀಮು ಗಿಡದಿಂದ! ಅದರ ಕಾಯಿಯ ಹಾಲು ಅಫೀಮು, ಒಳಗಿನ ಬೀಜ ಗಸಗಸೆ. ಪಾಯಸ ಕುಡಿದು ಮಧ್ಯಾಹ್ನ ನಿದ್ದೆ ಹೊಡೆಯುವ ಅಜ್ಜಿಯನ್ನು ಯಾರಾದರೂ ನಶೆಗಾರ್ತಿ ಎಂದದ್ದು ಉಂಟೇ?

ಎಲೆಗೊಂದು ನ್ಯಾಯ, ಹೂವಿಗೊಂದು ನ್ಯಾಯ

ನಮ್ಮ ದೇಶದ ಮಾದಕ ವಸ್ತು ಕಾಯ್ದೆ ಬಂದದ್ದು 1985ರಲ್ಲಿ. ಅದರ ಪ್ರಕಾರ ಗಾಂಜಾ ಎಂದರೆ ಗಿಡದ ತುದಿಯ ಹೂವು, ಕಾಯಿ. ಅವುಗಳ ಜೊತೆ ಸೇರದೆ ಬರೀ ಎಲೆ, ಬರೀ ಬೀಜ ಇದ್ದರೆ ಅದು ಗಾಂಜಾ ಅಲ್ಲ! ಅಂದರೆ ಒಂದೇ ಕೊಂಬೆಯ ತುದಿಗೆ ಒಂದು ಕಾನೂನು, ಅದರ ಕೆಳಗಿನ ಎಲೆಗೆ ಇನ್ನೊಂದು. ವಕೀಲರಿಗೆ ಹಬ್ಬ!

ಇದು ಬರೀ ಪುಸ್ತಕದ ಮಾತಲ್ಲ. 2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು ಒಬ್ಬನಿಂದ ಈ ಎಲೆಯಿಂದ ಮಾಡಿದ 29 ಕೆ.ಜಿ. ಭಾಂಗ್ ವಶಪಡಿಸಿಕೊಂಡರು. ಜೊತೆಗೆ 400 ಗ್ರಾಂ ಗಾಂಜಾ. ಜಾಮೀನು ಅರ್ಜಿ ಹೈಕೋರ್ಟಿಗೆ ಹೋಯಿತು. ನ್ಯಾಯಮೂರ್ತಿ ಕೆ. ನಟರಾಜನ್ ಅವರು ಕಾಯ್ದೆಯನ್ನು ಬಿಡಿಸಿ ನೋಡಿದರು. ಭಾಂಗನ್ನು ನಿಷೇಧಿಸಿದೆ ಎನ್ನುವುದಕ್ಕೆ ಈ ಕಾಯ್ದೆಯಲ್ಲಿ ಏನೂ ಇಲ್ಲ ಎಂದರು. ಜಾಮೀನು ಸಿಕ್ಕಿತು!

ಎಲೆ ತಪ್ಪಿಸಿಕೊಂಡದ್ದು ಹೇಗೆ? 1961ರಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದ ಆಯಿತು. ಅದರಲ್ಲೂ ಎಲೆ, ಬೀಜ ಹೊರಗೇ ಉಳಿದವು. ನಮ್ಮ ಶಿವರಾತ್ರಿ, ಹೋಳಿಯ ಭಾಂಗ್ ಲೋಟ ಆ ಸಂದಿಯಲ್ಲೇ ನುಸುಳಿ ಈಚೆ ಬಂತು!

ಉತ್ತರ ಪ್ರದೇಶ, ರಾಜಸ್ಥಾನಕ್ಕೆ ಹೋದರೆ ಸರ್ಕಾರದ ಪರವಾನಗಿ ಇರುವ ಭಾಂಗ್ ಅಂಗಡಿ ಸಿಗುತ್ತದೆ. ಬೋರ್ಡೇ ಇರುತ್ತದೆ! ಅಸ್ಸಾಮಿಗೆ ಹೋಗಿ ಅದನ್ನೇ ಕೇಳಿದಿರೋ, ಕೆಟ್ಟಿರಿ. ಅಲ್ಲಿ 1958ರಿಂದಲೇ ಗಾಂಜಾ, ಭಾಂಗ್ ಎರಡಕ್ಕೂ ನಿಷೇಧದ ಕಾನೂನು ಇದೆ. ದೇಶ ಒಂದೇ, ಲೋಟ ಒಂದೇ. ರೈಲು ಇಳಿದ ಊರಿನ ಮೇಲೆ ಅಪರಾಧ!

ಹಾಗಂತ ಹಿತ್ತಲಲ್ಲಿ ಒಂದು ಗಿಡ ಹಾಕೋಣ ಎಂದುಕೊಳ್ಳಬೇಡಿ. ಅನುಮತಿ ಇಲ್ಲದೆ ಗಾಂಜಾ ಬೆಳೆದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ತೊಗರಿ ಸಾಲಿನ ಮಧ್ಯೆ ಬಚ್ಚಿಟ್ಟರೂ ಅಷ್ಟೇ, ಹೂಕುಂಡದಲ್ಲಿ ಇಟ್ಟರೂ ಅಷ್ಟೇ!

ಬಡವನ ಚಿಲುಮೆ, ಸಾಹುಕಾರನ ಲೋಟ

130 ವರ್ಷದ ಹಿಂದೆ ಬ್ರಿಟಿಷರು ಗಾಂಜಾದ ಬಗ್ಗೆ ಒಂದು ಆಯೋಗವನ್ನೇ ಕೂರಿಸಿದ್ದರು ಗೊತ್ತೇ? 1893ರಲ್ಲಿ ಶುರು. ಏಳು ಜನ ಸದಸ್ಯರು, ಅವರಲ್ಲಿ ಮೂವರು ಭಾರತೀಯರು. ಕೇಳಿದ ಸಾಕ್ಷಿಗಳು ಎಷ್ಟು? 1,193! ವರದಿ ಮೂರು ಸಾವಿರ ಪುಟ ದಾಟಿತು. ಒಂದು ಸೊಪ್ಪಿನ ಬಗ್ಗೆ ಮೂರು ಸಾವಿರ ಪುಟ!

ಆಯೋಗ ಕೇಳಿದ ಪ್ರಶ್ನೆಗಳಲ್ಲಿ ಒಂದು: ಇದನ್ನು ಯಾವ ಯಾವ ವರ್ಗದವರು ಬಳಸುತ್ತಾರೆ? ಉತ್ತರ ಹೆಚ್ಚುಕಡಿಮೆ ಒಂದೇ ಧಾಟಿಯಲ್ಲಿ ಬಂತು. ಚಿಲುಮೆಗೆ ಹಾಕಿ ಗಾಂಜಾ ಸೇದುವವರು ಕೂಲಿಗಳು, ಬೈರಾಗಿಗಳು, ಫಕೀರರು. ಬಾದಾಮಿ, ಮಸಾಲೆ ಹಾಕಿ ಅರೆದ ಭಾಂಗ್ ಕುಡಿಯುವವರು ಮರ್ಯಾದಸ್ಥರು! ಹೊಗೆಯಾಗಿ ಹೋದರೆ ದುಶ್ಚಟ, ಹಾಲಿನಲ್ಲಿ ಇಳಿದರೆ ಸಂಪ್ರದಾಯ. ಆಗಲೂ ಹಾಗೇ ಇತ್ತು ನೋಡಿ!

ಗಾಂಜಾ ಸೇದಿದರೆ ಹುಚ್ಚು ಹಿಡಿಯುತ್ತದೆ ಎಂಬ ಮಾತು ಆಗಲೇ ಹಬ್ಬಿತ್ತು. ಆಯೋಗದವರು ಹುಚ್ಚಾಸ್ಪತ್ರೆಗಳ ದಾಖಲೆಯನ್ನೇ ತೆಗೆಸಿದರು. 1892ರ ಒಂದೇ ವರ್ಷದಲ್ಲಿ 222 ಜನರ ಹೆಸರಿನ ಮುಂದೆ ‘ಗಾಂಜಾದಿಂದ’ ಎಂದು ಬರೆದಿತ್ತು. ಒಬ್ಬೊಬ್ಬರ ಹಿನ್ನೆಲೆ ಕೆದಕಿ ನೋಡಿದಾಗ ಉಳಿದವರು ನೂರಕ್ಕೂ ಕಡಿಮೆ! ಮಿಕ್ಕವರ ಕಾರಣ ಕೇಳುವವರೇ ಇರಲಿಲ್ಲ. ಕರೆತಂದವರು ಏನು ಹೇಳಿದರೋ ಅದನ್ನೇ ಗುಮಾಸ್ತ ಗೀಚಿದ್ದ.

ಕೊನೆಗೆ ಆಯೋಗ ಹೇಳಿದ್ದೇನು? ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾದರೆ ಕೆಡುಕು, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ! ಇದು ವಿಕ್ಟೋರಿಯಾ ರಾಣಿಯ ಕಾಲದ ಸಾಹೇಬರ ಮಾತು.

ಅದೇ ವರದಿಯಲ್ಲಿ ದನಕರುಗಳಿಗೂ ಜಾಗ ಸಿಕ್ಕಿದೆ! ಎತ್ತಿಗೆ ಹೊಟ್ಟೆ ಕೆಟ್ಟರೆ, ದುಡಿದು ಸುಸ್ತಾದರೆ ಹಳ್ಳಿಗರು ಈ ಸೊಪ್ಪನ್ನು ತಿನ್ನಿಸುತ್ತಿದ್ದರಂತೆ. ಎತ್ತಿನ ಬಾಯಿಗೆ ಹೋದರೆ ಮದ್ದು. ಎತ್ತಿನ ಯಜಮಾನ ಸೇದಿದರೆ ಮಾನ ಹರಾಜು!

ಹಳೇ ಕಥೆ ಎನ್ನಬೇಡಿ. 2017 ಮತ್ತು 2018ರ ಮುಂಬೈಯ ಮಾದಕ ವಸ್ತು ಪ್ರಕರಣಗಳನ್ನು ವಿಧಿ ಕಾನೂನು ನೀತಿ ಕೇಂದ್ರ ಎಂಬ ಸಂಸ್ಥೆ ಎಣಿಸಿ ನೋಡಿತು. ನೂರರಲ್ಲಿ ಸುಮಾರು 87 ಪ್ರಕರಣ ಗಾಂಜಾ, ಅದೇ ಗಿಡದ ಅಂಟಾದ ಚರಸ್ಸಿನವು. ಸಿಕ್ಕಿಬಿದ್ದವರಲ್ಲಿ ಬಹುಪಾಲು ಯಾರು? ಬೀದಿಯಲ್ಲಿ, ಕೊಳೆಗೇರಿಯಲ್ಲಿ ಬದುಕುವವರು! ಹದಿನೈದನೇ ಮಹಡಿಯ ಬಾಲ್ಕನಿಗೆ ಪೊಲೀಸ್ ಲಾಠಿ ಎಟುಕುವುದಿಲ್ಲವೋ ಏನೋ.

ದೇಶದಲ್ಲಿ ಎಷ್ಟು ಜನ ಬಳಸುತ್ತಾರೆ? 2019ರಲ್ಲಿ ದೆಹಲಿಯ ಏಮ್ಸ್ ತಜ್ಞರ ವರದಿ ಬಂತು. ಹಿಂದಿನ ಒಂದು ವರ್ಷದಲ್ಲಿ ಭಾಂಗ್ ಬಳಸಿದವರು ಸುಮಾರು 2.2 ಕೋಟಿ. ಗಾಂಜಾ, ಚರಸ್ ಬಳಸಿದವರು ಸುಮಾರು 1.3 ಕೋಟಿ. ಲೋಟದವರ ಸಂಖ್ಯೆಯೇ ಹೆಚ್ಚು! ಸುದ್ದಿಯಾಗುವುದು ಮಾತ್ರ ಚಿಲುಮೆಯವರು.

ದೇವರ ಮುಂದೆ, ಪಂಡಿತರ ಮುಂದೆ

ಯಾದಗಿರಿ ಜಿಲ್ಲೆಯಲ್ಲಿ ಕೃಷ್ಣಾ ನದಿಯ ದಂಡೆಗೆ ತಿಂಥಣಿ ಎಂಬ ಊರಿದೆ. ಅಲ್ಲಿ ಮೌನೇಶ್ವರನ ಗುಡಿ. ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಜಾತ್ರೆಯಲ್ಲಿ ಕೆಲವರಿಗೆ ಗಾಂಜಾವೇ ಪ್ರಸಾದ! ಧ್ಯಾನಕ್ಕೆ ಮನಸ್ಸು ನಿಲ್ಲಲಿ ಎಂದು ಸೇದುತ್ತೇವೆ, ಇದು ಚಟವಲ್ಲ ಎನ್ನುತ್ತಾರೆ ಅಲ್ಲಿನ ಭಕ್ತರು. ಶರಣ, ಅವಧೂತ, ಆರೂಢ ಪರಂಪರೆಯ ಕೆಲವು ಕಡೆ ಈ ರೂಢಿ ಉಂಟು.

ಅದೇ ಕರ್ನಾಟಕದಲ್ಲಿ ನಮ್ಮ ಎಡೆಯೂರು ಸಿದ್ಧಲಿಂಗೇಶ್ವರನ ಜಾತ್ರೆಗೆ ಬಂದು ಯಾರಾದರೂ ಹೀಗೆ ಚಿಲುಮೆ ತೆಗೆದರೆ? ಸುತ್ತಲಿನವರ ಕಣ್ಣು ಕೆಂಪಾಗುತ್ತದೆ! ಬೆಳೆದ ಊರು, ನಂಬಿದ ಗುರು ಬೇರೆಯಾದರೆ ಅದೇ ಹೊಗೆಯ ಅರ್ಥವೂ ಬೇರೆ.

ಅಥರ್ವವೇದದಲ್ಲೇ ‘ಭಂಗಾ’ ಎಂಬ ಹೆಸರು ಬರುತ್ತದೆ! ಆಯುರ್ವೇದದಲ್ಲಿ ಇದಕ್ಕೆ ವಿಜಯಾ ಎಂಬ ಗೆಲುವಿನ ಹೆಸರು. ಶಾರ್ಙ್ಗಧರ ಸಂಹಿತೆಯ ಜಾತೀಫಲಾದಿ ಚೂರ್ಣ ಗೊತ್ತೇ? ಜಾಯಿಕಾಯಿ, ಲವಂಗ, ಏಲಕ್ಕಿಯ ಜೊತೆ ಭಾಂಗೂ ಸೇರುವ ಪುಡಿ ಅದು. ಹೊಟ್ಟೆ ಹಿಡಿತಕ್ಕೆ ಬರದೆ ಪದೇ ಪದೇ ಭೇದಿಯಾಗುವವರಿಗೆ ಕೊಡುವ ಮದ್ದು!

ಆದರೆ ಪಂಡಿತರು ಕಣ್ಣು ಮುಚ್ಚಿ ಕೊಡುವ ಹಾಗಿಲ್ಲ. ಔಷಧ ನಿಯಮಗಳಲ್ಲಿ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯೊಂದಿದೆ. ಅದರಲ್ಲಿ ವಿಜಯಾ ಕೂಡ ಇದೆ. ವೈದ್ಯರ ಉಸ್ತುವಾರಿಯಲ್ಲೇ ತೆಗೆದುಕೊಳ್ಳಿ ಎಂಬ ಎಚ್ಚರಿಕೆ ಡಬ್ಬಿಯ ಮೇಲೆ ಇರಲೇಬೇಕು. ಗೆಲುವಿನ ಹೆಸರು, ವಿಷದ ಪಟ್ಟಿ!

ತಂತಿ ಡಾಕ್ಟರ್, ಬಸ್ಸಿನ ವಿಜ್ಞಾನಿ

ಪಶ್ಚಿಮದ ಡಾಕ್ಟರುಗಳಿಗೆ ಈ ಮದ್ದು ಕಲಿಸಿದ್ದು ಯಾವ ಊರು? ನಮ್ಮ ಕಲ್ಕತ್ತಾ! ಅಲ್ಲಿನ ಮೆಡಿಕಲ್ ಕಾಲೇಜಿನ ಐರಿಷ್ ಡಾಕ್ಟರ್ ವಿಲಿಯಂ ಓಶಾಗ್ನೆಸಿ 1839ರಲ್ಲಿ ಇದರ ಪ್ರಯೋಗಗಳನ್ನು ಬರೆದಿಟ್ಟ. ಮೊದಲು ನಾಯಿ, ಮೇಕೆಗಳ ಮೇಲೆ ನೋಡಿದ. ಆಮೇಲೆ ಕೀಲುವಾತ, ಧನುರ್ವಾಯು ರೋಗಿಗಳಿಗೆ ಕೊಟ್ಟ. ಕೀಲುವಾತದ ಒಬ್ಬ ರೋಗಿಯ ಕೈ ಮೇಲೆತ್ತಿ ಬಿಟ್ಟರೆ ಕೈ ಅಲ್ಲೇ ನಿಂತುಬಿಟ್ಟಿತಂತೆ, ಗೊಂಬೆಯ ಹಾಗೆ! ಡಾಕ್ಟರೇ ಬೆಚ್ಚಿಬಿದ್ದ.

ಇನ್ನೂ ಮಜಾ ಕೇಳಿ. ಭಾರತಕ್ಕೆ ತಂತಿ ಟಪಾಲು ತಂದದ್ದೂ ಇದೇ ಡಾಕ್ಟರ್! ಊರೂರಿಗೆ ಟೆಲಿಗ್ರಾಫ್ ತಂತಿ ಎಳೆಸಿದ್ದಕ್ಕೆ ಅವನಿಗೆ ‘ಸರ್’ ಪದವಿ ಸಿಕ್ಕಿತು. ಗಾಂಜಾಕ್ಕಲ್ಲ!

ಗಾಂಜಾ ಎಂಬ ನಮ್ಮ ಪದ ಜಮೈಕಾದಲ್ಲೂ ಓಡುತ್ತದೆ. ಹೇಗೆ? 1845ರಿಂದ ಭಾರತದ ಕೂಲಿಯಾಳುಗಳನ್ನು ಹಡಗು ತುಂಬಿಸಿ ಅಲ್ಲಿನ ಕಬ್ಬಿನ ತೋಟಗಳಿಗೆ ಒಯ್ದರು. ಪದವೂ ಚಿಲುಮೆಯೂ ಅವರ ಜೊತೆಗೇ ಸಮುದ್ರ ದಾಟಿದವು. ಆ ದ್ವೀಪದ ರಾಸ್ತಾಫರಿ ಪಂಥದವರಿಗೆ ಈಗ ಅದು ಪವಿತ್ರ ಗಿಡ. 2015ರಲ್ಲಿ ಅಲ್ಲಿನ ಕಾನೂನೂ ಅದನ್ನು ಒಪ್ಪಿತು!

ಇಸ್ರೇಲಿನ ವಿಜ್ಞಾನಿ ರಫಾಯೆಲ್ ಮೆಕೋಲಂಗೆ ಸಂಶೋಧನೆಗೆ ಚರಸ್ ಬೇಕಿತ್ತು. ಎಲ್ಲಿ ಸಿಕ್ಕಿತು? ಪೊಲೀಸ್ ಠಾಣೆಯಲ್ಲಿ! ಕಳ್ಳಸಾಗಣೆಯಲ್ಲಿ ಹಿಡಿದ 5 ಕೆ.ಜಿ. ಲೆಬನಾನ್ ಚರಸ್ಸನ್ನು ಚೀಲಕ್ಕೆ ತುಂಬಿಕೊಂಡು ಬಸ್ ಹತ್ತಿದರು. ಎಂಥದೋ ವಾಸನೆ ಎಂದು ಪ್ರಯಾಣಿಕರು ಮೂಗು ಅರಳಿಸಿದರಂತೆ. ಮತ್ತು ಬರಿಸುವ ಟಿಎಚ್‌ಸಿ ಎಂಬ ಅಂಶದ ಗುಟ್ಟು 1964ರಲ್ಲಿ ಬಯಲಾದದ್ದು ಹೀಗೆ! ಅದೇ ಚೀಲ ಬಡ ಕೂಲಿಯವನ ಹೆಗಲ ಮೇಲಿದ್ದಿದ್ದರೆ?

1992ರಲ್ಲಿ ಅವರದೇ ಪ್ರಯೋಗಾಲಯದಲ್ಲಿ ಇನ್ನೊಂದು ಬೆರಗು. ನಮ್ಮ ಮೆದುಳೇ ಗಾಂಜಾದಂತೆ ಕೆಲಸ ಮಾಡುವ ಒಂದು ರಾಸಾಯನಿಕ ತಯಾರಿಸುತ್ತದೆ! ಅದಕ್ಕೆ ಇಟ್ಟ ಹೆಸರು ಆನಂದಮೈಡ್. ಹೌದು, ನಮ್ಮ ‘ಆನಂದ’ವೇ! ಕೊತ್ತಗೆರೆಯ ತಾತನ ತಲೆಯಲ್ಲೂ ಇದೆ, ನಿಮ್ಮ ತಲೆಯಲ್ಲೂ ಇದೆ. ಇದಕ್ಕೆ ಯಾವ ಪೊಲೀಸರೂ ಹಿಡಿಯುವುದಿಲ್ಲ!

ಅಜ್ಜಿ ಹಿಡಿದರೆ ಮನಸ್ಸು ಕರಗುತ್ತದೆ

ಅಮೆರಿಕದಲ್ಲಿ 1937ರಲ್ಲಿ ತೆರಿಗೆ ಕಾನೂನು ತಂದು ಗಾಂಜಾವನ್ನು ಕಟ್ಟಿಹಾಕಿದರು. ಅಲ್ಲಿನ ಡಾಕ್ಟರುಗಳ ಸಂಘವೇ ಅದನ್ನು ವಿರೋಧಿಸಿತು. ಅವರ ಪ್ರತಿನಿಧಿಯ ದೂರು ಏನು ಗೊತ್ತೇ? ಮಸೂದೆಯಲ್ಲಿ ‘ಮರಿಹುವಾನ’ ಎಂದು ಬರೆದಿದ್ದರು. ತಾವು ಸೀಸೆಯಲ್ಲಿ ಕೊಡುತ್ತಿದ್ದ ‘ಕ್ಯಾನಬಿಸ್’ ಔಷಧಿಯೂ ಅದೇ ಎಂದು ಎಷ್ಟೋ ಡಾಕ್ಟರುಗಳಿಗೆ ಹೊಳೆಯಲೇ ಇಲ್ಲ!

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೇರಿ ರಾತ್‌ಬನ್ ಎಂಬ ಅಜ್ಜಿ ಇದ್ದರು. ಮೊದಲು ಹೋಟೆಲಿನಲ್ಲಿ ಬಡಿಸುವ ಕೆಲಸ. ಗಾಂಜಾ ಹಾಕಿದ ಬ್ರೌನಿ ಕೇಕು ಬೇಯಿಸಿ ಏಡ್ಸ್ ರೋಗಿಗಳಿಗೆ ಹಂಚುತ್ತಿದ್ದರು. ಮೂರು ಸಲ ಬಂಧನವಾಯಿತು! ತಲೆ ನರೆತ ಅಜ್ಜಿಯನ್ನು ಪೊಲೀಸರು ಕರೆದೊಯ್ದಾಗ ಜನರ ಮನಸ್ಸು ಕಲಕಿತು. 1996ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಔಷಧಿಗೆ ಗಾಂಜಾ ಇರಲಿ ಎಂದು ಮತ ಹಾಕಿದರು. ಅಮೆರಿಕದಲ್ಲಿ ಅದೇ ಮೊದಲ ರಾಜ್ಯ!

ಷಾರ್ಲೆಟ್ ಫಿಗಿ ಎಂಬ ಪುಟ್ಟ ಹುಡುಗಿಗೆ ವಾರಕ್ಕೆ ಸುಮಾರು 300 ಸಲ ಫಿಟ್ಸ್ ಬರುತ್ತಿತ್ತು. ಗಾಂಜಾ ಗಿಡದಲ್ಲೇ ಇರುವ, ಆದರೆ ಮತ್ತು ಬರಿಸದ ಸಿಬಿಡಿ ಎಂಬ ಅಂಶದ ಎಣ್ಣೆಯಿಂದ ಅದು ಬಹಳ ಕಡಿಮೆಯಾಯಿತು. ಭಾರತ ಮೂಲದ ಡಾಕ್ಟರ್ ಸಂಜಯ್ ಗುಪ್ತಾ ಅಮೆರಿಕದ ಟಿ.ವಿ.ಯಲ್ಲಿ ಅವಳ ಕಥೆ ತೋರಿಸಿದರು. ಮೊದಲು ಗಾಂಜಾ ಬೇಡ ಎಂದು ಬರೆದಿದ್ದವರೇ ಅವರು. 2013ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು! ತಪ್ಪಾಯಿತು ಎನ್ನುವ ಡಾಕ್ಟರು ದಿನಾ ಸಿಗುತ್ತಾರೆಯೇ?

ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಇರಲಿ ಎಂದ ಅಮೆರಿಕನ್ನರು 1969ರಲ್ಲಿ ನೂರಕ್ಕೆ 12 ಜನ. 2023ರಲ್ಲಿ 70! ಗ್ಯಾಲಪ್ ಸಮೀಕ್ಷೆಯ ಲೆಕ್ಕ ಇದು. ಗಿಡ ಬದಲಾಗಲಿಲ್ಲ, ಕೇಳಿಸಿಕೊಂಡ ಜನ ಬದಲಾದರು.

ಅಲ್ಲಿಯೂ ವಯಸ್ಸಿನ ಗೋಡೆ ಇದೆ. 2022ರ ಪ್ಯೂ ಸಮೀಕ್ಷೆ ನೋಡಿ. ಔಷಧಿಗೂ ಇರಲಿ, ಮೋಜಿಗೂ ಇರಲಿ ಎಂದವರು 30ರ ಒಳಗಿನವರಲ್ಲಿ ನೂರಕ್ಕೆ 72. 75 ದಾಟಿದವರಲ್ಲಿ ಬರೀ 30! ಆದರೆ ಎಲ್ಲ ವಯಸ್ಸಿನವರನ್ನೂ ಒಟ್ಟಿಗೆ ಹಿಡಿದು ನೋಡಿದರೆ ಬೇಡವೇ ಬೇಡ ಎಂದವರು ನೂರಕ್ಕೆ 10 ಮಾತ್ರ. ‘ಔಷಧಿ’ ಎಂಬ ಒಂದು ಮಾತು ಸೇರಿದರೆ ಎಷ್ಟೊಂದು ಬಾಗಿಲು ತೆರೆಯುತ್ತದೆ!

2020 ಎಂಬ ವಿಚಿತ್ರ ವರ್ಷ

ಫೆಬ್ರುವರಿಯಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ಒಂದು ಕ್ಲಿನಿಕ್ ತೆರೆಯಿತು. ದೇಶದ ಮೊದಲ ಗಾಂಜಾ ಔಷಧಿ ಕ್ಲಿನಿಕ್ ಎಂದು ಸುದ್ದಿಯಾಯಿತು. ಕುಣಿಗಲ್‌ನಿಂದ ಬಸ್ ಹತ್ತಿದರೆ ಅರ್ಧ ದಿನದಲ್ಲಿ ಹೋಗಿಬರುವ ದೂರ!

ಸೆಪ್ಟೆಂಬರ್‌ನಲ್ಲಿ ಅದೇ ಬೆಂಗಳೂರಿನಲ್ಲಿ ಸಿನಿಮಾ ಮಂದಿಯ ಡ್ರಗ್ಸ್ ಕೇಸು. ಟಿ.ವಿ. ಹಾಕಿದರೆ ಅದೇ. ಆ ಗದ್ದಲದ ನಡುವೆಯೇ ತಿಂಥಣಿಯ ಪ್ರಸಾದದ ಸುದ್ದಿ ಪತ್ರಿಕೆಯಲ್ಲಿ ಬಂತು!

ಡಿಸೆಂಬರ್ 2ರಂದು ವಿಶ್ವಸಂಸ್ಥೆಯಲ್ಲಿ ಮತದಾನ. ಗಾಂಜಾವನ್ನು ಅತಿ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆಯಬೇಕೋ ಬೇಡವೋ? ತೆಗೆಯಿರಿ ಎಂದವರು 27, ಬೇಡ ಎಂದವರು 25. ಎರಡೇ ಮತದ ಅಂತರ! ಭಾರತ ಯಾವ ಕಡೆ? ತೆಗೆಯಿರಿ ಎನ್ನುವ ಕಡೆ!

ಅದಕ್ಕೂ ಮೊದಲು, 2017ರಲ್ಲೇ ಕೇಂದ್ರ ಸಚಿವೆ ಮೇನಕಾ ಗಾಂಧಿ ಸಚಿವರ ಸಭೆಯಲ್ಲಿ ಔಷಧಿಗಾಗಿ ಗಾಂಜಾಕ್ಕೆ ಅವಕಾಶ ಕೊಡೋಣ ಎಂದಿದ್ದರು. ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆ ಪರವಾನಗಿ ಪಡೆದು ಸಂಶೋಧನೆಗೆಂದೇ ಗಾಂಜಾ ಬೆಳೆಯುತ್ತದೆ. ಸರ್ಕಾರಿ ತೋಟ, ಸರ್ಕಾರಿ ಕಾವಲು!

2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಗಾಂಜಾ ಜಾತಿಯ ಗಿಡದ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ತಿನ್ನುವ ವಸ್ತು ಎಂದು ಒಪ್ಪಿತು. ಬೀಜದಲ್ಲಿ ಮತ್ತು ಬರಿಸುವ ಅಂಶ ಕೆ.ಜಿ.ಗೆ 5 ಮಿಲಿಗ್ರಾಂ ಮೀರಬಾರದು, ಅಷ್ಟೇ. ಗಸಗಸೆಗೆ ಒಬ್ಬ ತಮ್ಮ ಹುಟ್ಟಿದ!

ಆದರೆ ಒಂದು ಮಾತು ನೆನಪಿಡಿ. ಅಮೆರಿಕ 2018ರಲ್ಲಿ ಸಿಬಿಡಿ ಔಷಧಿಯನ್ನು ಒಪ್ಪಿದ್ದು ವಾಸಿಯಾಗದ ಎರಡು ಬಗೆಯ ಮಕ್ಕಳ ಫಿಟ್ಸಿಗೆ. ಕ್ಯಾನ್ಸರ್ ಮಾಯ, ಸಕ್ಕರೆ ಕಾಯಿಲೆ ಮಾಯ ಎಂದು ವಾಟ್ಸಾಪಿನಲ್ಲಿ ಬರುವ ಬೊಗಳೆ ನಂಬಬೇಡಿ. ಹದಿಹರೆಯದವರ ಮೆದುಳಿಗೆ ಗಾಂಜಾ ಹೊಗೆ ಒಳ್ಳೆಯದಲ್ಲ. ಬೇಕೋ ಬೇಡವೋ ಹೇಳಬೇಕಾದವರು ಡಾಕ್ಟರು!

ಸರಿ, ಈಗ ನಿಮಗೊಂದು ಆಟ. ಇಂದು ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಕೇಳಿ: ‘ನೋವಿಗೆ ಗಾಂಜಾ ಕೊಡಬಹುದಾ?’ ಉತ್ತರ ಬರೆದಿಟ್ಟುಕೊಳ್ಳಿ. ಒಂದು ವಾರ ಬಿಟ್ಟು ಮತ್ತೆ ಕೇಳಿ: ‘ನೋವಿಗೆ ವಿಜಯಾ ಅಂತ ಒಂದು ಆಯುರ್ವೇದದ ಮದ್ದಿದೆಯಂತೆ, ಕೊಡಬಹುದಾ?’ ಮೊದಲ ಸಲ ಮುದ್ದೆ ತಟ್ಟೆ ತಳ್ಳಿ ರೇಗಿದ ಅಜ್ಜಿಯೇ ಎರಡನೇ ಸಲ ‘ಎಲ್ಲಿ ಸಿಗುತ್ತಂತೆ? ನನ್ನ ಮಂಡಿಗೂ ತರಿಸಪ್ಪ’ ಎಂದುಬಿಟ್ಟರೆ ಆಶ್ಚರ್ಯಪಡಬೇಡಿ!